ಫೆರ್ಮಿನ್ ಕ್ವೇವಾಸನ ಕಲಿಕೆ ಲೈಸೆನ್ಸು

ನಮ್ಮೂರು ಲಾ ಕಾಂತೆರಾದಲ್ಲಿ ಲೈಸೆನ್ಸು ಅಂದರೆ ಕೊರಳಿಗೆ ಕಟ್ಟುವ ಟೈ ಇದ್ದ ಹಾಗೆ. ಅಂಥದ್ದೊಂದು ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಯಾರಾದರೂ ಕಟ್ಟಿಕೊಂಡು ಬಂದರೆ ಎಲ್ಲಿ ಮದುವೆ ಎಂದು ಕೇಳುತ್ತಾರೆ. ಆದ್ದರಿಂದ ಫೆರ್ಮಿನ್ ಕ್ವೇವಾಸ್ ಮೂವತ್ತು ವರ್ಷ ಲೈಸೆನ್ಸಿಲ್ಲದೆ ಬಾಡಿಗೆ ಬೈಕು ಓಡಿಸಿದ ಎಂದರೆ ಅವನೊಬ್ಬನನ್ನೇ ಬೈಯಬೇಡಿ. ಕೇಳುವವರು ಇರಲಿಲ್ಲ, ಕೊಡುವವರು ದೂರದ ಪಟ್ಟಣ ಬರಾಓನಾದಲ್ಲಿದ್ದರು, ಬೈಕಂತೂ ಅದಿಲ್ಲದೆಯೇ ಚೆನ್ನಾಗಿ ಓಡುತ್ತಿತ್ತು.

ಫೆರ್ಮಿನ್‌ನ ಅಪ್ಪ ಬೆಟ್ಟದ ಮೇಲಿನ ಕಾಫಿಯನ್ನು ಹೇಸರಗತ್ತೆಯ ಮೇಲೆ ಹೇರಿ ಸಮುದ್ರದ ದಂಡೆಯ ಗೋದಾಮಿಗೆ ಇಳಿಸುತ್ತಿದ್ದ. ಅಪ್ಪನ ಮಂಡಿ ಸೋತ ಮೇಲೆ ಕತ್ತೆಯ ಹಗ್ಗ ಮಗನ ಕೈಗೆ ಬಂತು. ಆಮೇಲೆ ಬೆಟ್ಟಕ್ಕೆ ರಸ್ತೆಯಾಯಿತು, ರಸ್ತೆಯ ಹಿಂದೆಯೇ ಜೀಪುಗಳು ಬಂದವು, ಕತ್ತೆಗೆ ಕೆಲಸವಿಲ್ಲದಾಯಿತು. ಫೆರ್ಮಿನ್ ಅದನ್ನು ಮಾರಿ, ಆಗಲೇ ಮೂವರ ಕೈ ದಾಟಿ ಬಂದಿದ್ದ ಒಂದು ಪುಟ್ಟ ಜಪಾನಿ ಬೈಕನ್ನು ಮನೆಗೆ ತಂದ. ಕಲಿಸುವವರು ಯಾರೂ ಇರಲಿಲ್ಲ. ಮೊದಲ ಇಳಿಜಾರಿನಲ್ಲೇ ಬೈಕು ಕೈ ಮೀರಿದಾಗ ಇವನು ಹ್ಯಾಂಡಲನ್ನು ಲಗಾಮಿನಂತೆ ಎದೆಗೆ ಎಳೆದುಕೊಂಡು "ಹೋ, ಹೋ" ಎಂದು ಕೂಗಿದನಂತೆ. ಬೈಕು ಹೇಸರಗತ್ತೆಯಲ್ಲವಲ್ಲ, ನಿಲ್ಲಲಿಲ್ಲ. ಇಬ್ಬರೂ ಬಾಳೆತೋಟದೊಳಗೆ ಹೋಗಿ ಬಿದ್ದರು. ಮೀಸೆ ಮಣ್ಣಾಗಿಲ್ಲ ಎಂದು ಎದ್ದು ಬಂದವನು ಸಂಜೆಯ ಹೊತ್ತಿಗೆ ನೆರೆಯವಳ ಗ್ಯಾಸ್ ಸಿಲಿಂಡರನ್ನು ಹೊತ್ತು ತಂದುಕೊಟ್ಟಿದ್ದ.

ಅಂದಿನಿಂದ ಅವನು ಹೊರದ ಸಾಮಾನಿಲ್ಲ. ಐಸ್ ಗಡ್ಡೆ, ಹಾಸಿಗೆ, ಕಾಳಗದ ಹುಂಜ, ಮದುಮಗಳು, ಪಾದ್ರಿ, ಎಲ್ಲ ಅವನ ಹಿಂದಿನ ಸೀಟಿನ ಮೇಲೆ ಹೋಗಿದ್ದಾರೆ. ಹೆರಿಗೆ ನೋವು ತಿನ್ನುತ್ತಿದ್ದ ಎಷ್ಟೋ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದ್ದಾನೆ. ಅವರಲ್ಲೊಬ್ಬಳು ಮಗುವಿಗೆ ಫೆರ್ಮಿನಾ ಎಂದೇ ಹೆಸರಿಟ್ಟಳು. ಪಾರ್ಕಿನ ಮೂಲೆಯ ಕಾಡುಬಾದಾಮಿ ಮರದ ಕೆಳಗೆ ಬೈಕು ಸ್ಟ್ಯಾಂಡು ಮಾಡಿದವನೂ ಅವನೇ. ಕಿತ್ತಳೆ ಬಣ್ಣದ ಜಾಕೀಟು, ಬೆನ್ನ ಮೇಲೆ ನಂಬರು; ಜಾಕೀಟು ಇದ್ದವನಿಗೆ ಮರದ ನೆರಳು ಮತ್ತು ಸರದಿ, ಇಲ್ಲದವನಿಗೆ ಬಿಸಿಲು. ಒಂದನೇ ನಂಬರು ಫೆರ್ಮಿನ್‌ನದು, ಸ್ಟ್ಯಾಂಡಿನ ಅಧ್ಯಕ್ಷನೂ ಅವನೇ. ಚುನಾವಣೆ ಎಂಬುದು ನಡೆದದ್ದಿಲ್ಲ, ನಡೆಸಬೇಕೆಂದು ಯಾರಿಗೂ ತೋಚಿದ್ದೂ ಇಲ್ಲ.

ಪೊಲೀಸರು ಹೆದ್ದಾರಿಯ ತಿರುವಿನಲ್ಲಿ ಕಾಗದ ಕೇಳಲು ನಿಂತಿದ್ದಾರೆಂದು ಸುದ್ದಿ ಬಂದರೆ ಸ್ಟ್ಯಾಂಡಿನವರೆಲ್ಲ ಒಣಹೊಳೆಯ ಕಲ್ಲುಗಳ ಮೇಲೆ ಬೈಕು ಹಾರಿಸಿಕೊಂಡು ಹೋಗುತ್ತಿದ್ದರು. ಪೊಲೀಸರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ. ಹಿಂದೆ ಕೂತವರ ಸೊಂಟ ಏನಾಯಿತು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ತಿರುವಿನಲ್ಲಿ ನೆಟ್ಟಗೆ ಹಾದುಹೋಗುತ್ತಿದ್ದ ಬಾಡಿಗೆ ಬೈಕು ಒಂದೇ, ದಾಮಾರಿಸ್‌ಳದು. ಪೂರ್ವ ತೀರದ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಚಾದರ ಇಸ್ತ್ರಿ ಮಾಡಿ, ಸಾಕಾಗಿ, ಉಳಿಸಿದ್ದರಲ್ಲಿ ಒಂದು ಬೈಕು ಕೊಂಡು ಊರಿಗೆ ಮರಳಿದವಳು. ಹೆಂಗಸು ಬೈಕಿನ ಮೇಲೆ ಕಂಡರೆ ಪೊಲೀಸರು ಕೈ ಅಡ್ಡ ಹಾಕದೆ ಬಿಡುತ್ತಿರಲಿಲ್ಲ. ದಿನಾ ನಿಲ್ಲಿಸಿಕೊಂಡು ಬೇಸತ್ತು ಅವಳು ಲೈಸೆನ್ಸು, ವಿಮೆ, ಹೆಲ್ಮೆಟ್ಟು ಎಲ್ಲವನ್ನೂ ಮಾಡಿಸಿಟ್ಟುಕೊಂಡಿದ್ದಳು. ಊರಿಗೆ ಬಂದ ಹೊಸತರಲ್ಲಿ ಸ್ಟ್ಯಾಂಡಿಗೂ ಬಂದು ನಂಬರು ಕೇಳಿದ್ದಳು.

"ಜಾಗ ಖಾಲಿ ಇಲ್ಲ ಮಗಳೇ" ಅಂದಿದ್ದ ಫೆರ್ಮಿನ್.

"ಅಲ್ಲಿ ಕೊಂಬೇಲಿ ಎರಡು ಜಾಕೀಟು ತೂಗಾಡ್ತಾ ಇದಾವಲ್ಲ ದೊನ್ ಫೆರ್ಮಿನ್?" ಗಂಡಸಾದರೆ ದೊನ್, ಹೆಂಗಸಾದರೆ ದೊನ್ಯಾ, ಹಿರಿಯರಿಗೆ ನಮ್ಮೂರಿನ ಮರ್ಯಾದೆ ಅದು.

"ಅದಾ? ಒಗೆದು ಒಣಗಾಕಿರೋದು."

ಹಾಗೆ ಒಣಗಲು ಹಾಕಿದ ಜಾಕೀಟುಗಳು ಎರಡು ವರ್ಷ ಒಣಗುತ್ತಲೇ ಇದ್ದವು. ದಾಮಾರಿಸ್ ಜಗಳವಾಡಲಿಲ್ಲ. ರಸ್ತೆಯ ಆಚೆ ಬದಿ, ಔಷಧಿ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತು, ಶಾಲೆಯ ಹುಡುಗಿಯರನ್ನೂ ಕಾನ್ವೆಂಟಿನ ಸಿಸ್ಟರುಗಳನ್ನೂ ಕರೆದೊಯ್ಯತೊಡಗಿದಳು. ಮರದ ಕೆಳಗೆ ಡೊಮಿನೊ ಆಡುತ್ತಿದ್ದ ಗಂಡಸರು "ಅವಳ ಹಿಂದೆ ಯಾವ ಗಂಡಸು ಕೂರ್ತಾನೆ?" ಎಂದು ನಗುತ್ತಿದ್ದರು. ಈ ಮಾತನ್ನು ಮೊದಲು ಆಡಿದವನು ಫೆರ್ಮಿನ್ನೇ.

ಹೀಗಿರುವಾಗ ಒಂದು ದಿನ ಪುರಸಭೆಯ ಗುಮಾಸ್ತ ಮರದ ಕೆಳಗೆ ಬಂದು ಅಪ್ಪಣೆ ಓದಿದ. ಈಸ್ಟರ್ ವಾರದಲ್ಲಿ ಸಮುದ್ರಸ್ನಾನಕ್ಕೆ ಊರಿಗೆ ಊರೇ ಬಂದು ಇಳಿಯುತ್ತದೆ. ಬೈಕಿನವರಿಗೆ ವರ್ಷದ ಸುಗ್ಗಿ ಅದೇ, ಕೈಕಾಲು ಮುರಿಯುವುದೂ ಆಗಲೇ. ಆದ್ದರಿಂದ ಈ ಸಲ ಆ ವಾರ ಶುರುವಾಗುವ ಗರಿಗಳ ಭಾನುವಾರದಿಂದ ಹೊಸ ಜಾಕೀಟು, ಅದೂ ಲೈಸೆನ್ಸು ಇದ್ದವರಿಗೆ ಮಾತ್ರ. ಜಾಕೀಟು ಇಲ್ಲದವರು ಮರದ ಕೆಳಗೆ ನಿಲ್ಲುವ ಹಾಗಿಲ್ಲ.

ಸ್ಟ್ಯಾಂಡಿನಲ್ಲಿ ಗದ್ದಲವೋ ಗದ್ದಲ. ಗುಮಾಸ್ತನ ಅಮ್ಮನಿಂದ ಹಿಡಿದು ಮೇಯರನ ಅಜ್ಜನವರೆಗೆ ಎಲ್ಲರ ಹೆಸರೂ ಬಂದು ಹೋಯಿತು. ಕೊನೆಗೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ಬಂದು ನಿಂತಿತು. ಬಾಯಿ ಬಡುಕ ಚಾಗೊ ಫೆರ್ಮಿನ್‌ನ ಹೆಗಲ ಮೇಲೆ ಕೈ ಹಾಕಿದ.

"ಅಧ್ಯಕ್ಷರು ನೀವಲ್ವಾ ಮಾರಾಯ್ರೆ? ಮೊದಲು ನೀವು ಹೋಗಿ ನೀರೆಷ್ಟು ಆಳ ಇದೆ ನೋಡಿ. ನಿಮಗೇ ಸಿಗ್ಲಿಲ್ಲ ಅಂದ್ರೆ ನಮಗೆಲ್ಲಿ ಸಿಗುತ್ತೆ?"

ಫೆರ್ಮಿನ್ ಹೋದ. ನಿಜ ಹೇಳಬೇಕೆಂದರೆ ಅವನಿಗೆ ದಿಗಿಲಾಗಿತ್ತು. ಆ ಮರದ ಕೆಳಗಿನ ಜಾಗ ಬಿಟ್ಟರೆ ಅವನಿಗೆ ಬೇರೆ ಯಾವ ಹೊಲವೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ, ಮತ್ತೊಂದು ಕೆಲಸವನ್ನು ಕಲಿಯುವ ವಯಸ್ಸೂ ದಾಟಿತ್ತು.

ಬರಾಓನಾದ ಕಚೇರಿಯಲ್ಲಿ ಕಣ್ಣು ನೋಡಿದರು, ರಕ್ತ ನೋಡಿದರು, ಕಂಪ್ಯೂಟರಿನ ಮುಂದೆ ಕೂರಿಸಿ ಪ್ರಶ್ನೆ ಕೇಳಿದರು. ಫೆರ್ಮಿನ್ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಒಂದೊಂದಕ್ಷರವನ್ನೂ ಬೆರಳಿಟ್ಟು ಓದಿದ. ಲಾ ಕಾಂತೆರಾದಲ್ಲಿ ರಸ್ತೆಯ ಫಲಕ ಎಂದು ಇರುವುದೇ ಒಂದು. ಅದರ ನೆರಳಿನಲ್ಲಿ ಮೇಕೆಗಳು ಮಲಗುತ್ತವೆ, ಅದರ ಮೇಲೆ ಏನು ಬರೆದಿದೆ ಎಂದು ಅವನು ಎಂದೂ ನೋಡಿರಲಿಲ್ಲ. ಆದರೂ ಹಿಂದಿನ ವಾರವೆಲ್ಲ ಹೆಂಡತಿ ನೆರೈದಾ ಮಾರಲು ಮಾಡುವ ತೆಂಗಿನಕಾಯಿ ಮಿಠಾಯಿ ಮಗುಚುತ್ತಾ ಪುಸ್ತಕದಿಂದ ಓದಿ ಹೇಳಿದ್ದು ತಲೆಯಲ್ಲಿ ಉಳಿದಿತ್ತು. ಹೇಗೋ ದಡ ಸೇರಿದ. ಕಲಿಕೆ ಲೈಸೆನ್ಸಿನ ಕಾರ್ಡು ಕೈಗೆ ಬಂತು, ಮೇಲೆ ಅವನ ಫೋಟೋ, ಇಂಗು ತಿಂದ ಮಂಗನ ಮುಖ.

"ಇದು ಕಲಿಯೋರ ಕಾರ್ಡು. ಪಕ್ಕಾ ಲೈಸೆನ್ಸ್ ಬರೋವರ್ಗೂ ಬಾಡಿಗೆಗೆ ಯಾರನ್ನೂ ಕೂರಿಸ್ಕೋಬಾರ್ದು" ಅಂದಳು ಕಚೇರಿಯ ಹೆಂಗಸು. "ಓಡ್ಸೋವಾಗ ಲೈಸೆನ್ಸ್ ಇರೋರು ಜೊತೇಲಿ ಇರ್ಬೇಕು. ಒಪ್ಪಿಗೆ ಇದ್ರೆ ಇಲ್ಲಿ ಸಹಿ ಹಾಕಿ."

ಫೆರ್ಮಿನ್ ನಿಧಾನವಾಗಿ ಸಹಿ ಹಾಕಿದ.

"ಅಂದ ಹಾಗೆ, ಇಲ್ಲಿಗೆ ಹೇಗೆ ಬಂದ್ರಿ?"

"ಬೈಕಲ್ಲಿ."

"ಜೊತೆಗೆ ಯಾರು?"

ಯಾರಾದರೂ ಬಂದಿರಬಹುದೇನೋ ಎಂಬಂತೆ ಫೆರ್ಮಿನ್ ಹಿಂದೆ ತಿರುಗಿ ನೋಡಿದ.

"ಹೋಗ್ಲಿ ಬಿಡಿ" ಅಂದಳು ಅವಳು. "ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಬೈಕು ಹತ್ತಿ ಬಂದ ದಾರಿಯಲ್ಲೇ ಹೋಗುತ್ತಿದ್ದರು. ಫೆರ್ಮಿನ್ ಬೈಕನ್ನು ಒಂದು ಖಾಲಿ ಬಾಳೆಕಾಯಿ ಲಾರಿಗೆ ಹೇರಿಸಿ, ಅದರ ಪಕ್ಕದಲ್ಲಿ ಕೂತು ಊರಿಗೆ ಬಂದ. ಮರದ ಕೆಳಗೆ ಲಾರಿ ನಿಂತಾಗ ಚಾಗೊ ಓಡಿ ಬಂದ.

"ಬೈಕು ಕೆಟ್ಟೋಯ್ತಾ?"

"ಇಲ್ಲ. ನಾನು ಕಲೀತಾ ಇದೀನಿ."

ಚಾಗೊ ನಕ್ಕು ನಕ್ಕು ನೆಲಕ್ಕೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ದೊನ್ಯಾ ಎರ್ಸೀಲಿಯ ತನ್ನ ಗೆಣಸಿನ ಚೀಲದೊಂದಿಗೆ ಬಂದಳು. ಬೆಟ್ಟದ ಮೇಲಿನ ಮಗಳ ಮನೆಗೆ ವಾರಕ್ಕೊಮ್ಮೆ ಹೋಗುವ ಮುದುಕಿ. ಫೆರ್ಮಿನ್ ಬಿಟ್ಟರೆ ಬೇರೆಯವರ ಬೈಕು ಹತ್ತಿದವಳಲ್ಲ. ಬಂದವಳೇ ಲಾರಿಯಿಂದ ಇಳಿಸಿದ್ದ ಬೈಕಿನ ಸೀಟಿನ ಮೇಲೆ ಕೂತುಬಿಟ್ಟಳು.

"ಇಳೀರಿ ದೊನ್ಯಾ. ನಿಮ್ಮನ್ನ ಕರ್ಕೊಂಡ್ಹೋಗೋ ಹಾಗಿಲ್ಲ. ನಾನಿನ್ನೂ ಕಲಿಯೋನು."

"ಏನು? ನಿನ್ನ ತಲೆ ಕೂದಲೆಲ್ಲ ಬೆಳ್ಳಗಾಗಿದೆ, ಈಗ ಕಲಿಯೋನಾ? ನಿನ್ನೆವರ್ಗೂ ಏನು ಮಾಡ್ತಿದ್ದೆ?"

"ನಿನ್ನೆವರ್ಗೂ ಕಾರ್ಡಿರ್ಲಿಲ್ಲ, ಯಾರ್ ಬೇಕಾದ್ರೂ ಕೂರಬಹುದಿತ್ತು. ಇವತ್ತು ಕಾರ್ಡಿದೆ, ಯಾರೂ ಕೂರೋ ಹಾಗಿಲ್ಲ."

ಮುದುಕಿ ಬೈದುಕೊಂಡು ಇಳಿದು, ಚಾಗೊನ ಬೈಕು ಬೇಡವೆಂದು ಕೈಯಾಡಿಸಿ ಮನೆಗೆ ವಾಪಸು ನಡೆದಳು. ಮನೆಯಲ್ಲಿ ನೆರೈದಾಳ ಸರದಿ.

"ಮೂವತ್ತು ವರ್ಷ ಕಳ್ಳದಾರೀಲಿ ಓಡ್ಸಿದೋನು ಈಗ ಸಂತ ಆಗೋಕೆ ಹೊರಟ್ಯಾ? ಒಲೆ ಮೇಲೆ ಏನಿಡ್ಲಿ, ನಿನ್ನ ಕಾರ್ಡನ್ನ ಇಡ್ಲಾ?"

"ಸಹಿ ಹಾಕಿದೀನಿ ಕಣೇ."

ಅದಕ್ಕಿಂತ ಹೆಚ್ಚಿಗೆ ಹೇಳಲು ಅವನಿಗೆ ಬರಲಿಲ್ಲ. ಸರ್ಕಾರ ಎಂಬುದಕ್ಕೆ ಮೂವತ್ತು ವರ್ಷ ಅವನು ಯಾವ ಮಾತನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಮಾತಿಗೆ ತಪ್ಪಿದ್ದೂ ಇರಲಿಲ್ಲ. ಈಗ ತನ್ನ ಕೈಯಾರೆ ಹೆಸರು ಬರೆದು ಕೊಟ್ಟು ಬಂದಿದ್ದ. ಹಟಮಾರಿಯೇ ಸರಿ, ಆದರೆ ಅವನ ಹಟದಲ್ಲಿ ಒಂದು ಲೆಕ್ಕವಿತ್ತು.

ಆದರೆ ಪರೀಕ್ಷೆಗೆ ಅಭ್ಯಾಸ ಮಾಡಬೇಕಲ್ಲ, ಅದಕ್ಕೆ ಬೈಕಿನ ಲೈಸೆನ್ಸು ಇದ್ದವರು ಹಿಂದೆ ಕೂರಬೇಕು. ಪಾದ್ರಿಗೂ ಔಷಧಿ ಅಂಗಡಿಯವನಿಗೂ ಇದ್ದದ್ದು ಕಾರಿನದು. ಇಡೀ ಲಾ ಕಾಂತೆರಾದಲ್ಲಿ ಬೈಕಿನ ಲೈಸೆನ್ಸು ಇದ್ದದ್ದು ಒಬ್ಬಳಿಗೇ. ಫೆರ್ಮಿನ್ ಎರಡು ದಿನ ಮರದ ಕೆಳಗೆ ಕೂತು ರಸ್ತೆಯಾಚೆ ನೋಡಿದ. ಮೂರನೆಯ ದಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ರಸ್ತೆ ದಾಟಿದ. ಡೊಮಿನೊ ಆಟ ನಿಂತಿತು.

"ಒಂದು ಉಪಕಾರ ಆಗ್ಬೇಕಿತ್ತು ಮಗಳೇ. ಸ್ವಲ್ಪ ದಿನ ನನ್ನ ಹಿಂದೆ ಕೂರ್ತೀಯಾ?"

ದಾಮಾರಿಸ್ ಹೆಲ್ಮೆಟ್ಟಿನ ಗಾಜು ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

"ಜಾಗ ಖಾಲಿ ಇಲ್ಲ ದೊನ್ ಫೆರ್ಮಿನ್."

ಅವನಿಗೆ ಅರ್ಥವಾಯಿತು. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. ಆದರೆ ಹೋಗಲಿಲ್ಲ. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಎರಡು ವರ್ಷ ಇವಳು ನಿಂತ ಬಿಸಿಲು ಇದೇ ಎಂದು ಅವನಿಗೆ ಹೊಳೆಯಿತೋ ಇಲ್ಲವೋ ನಾನು ಹೇಳಲಾರೆ, ಆದರೆ ಅವನು ಬೆವರಿದ್ದನ್ನು ಊರು ನೋಡಿದೆ.

"ಕೂರ್ತೀನಿ" ಅಂದಳು ಅವಳು ಕೊನೆಗೆ. "ಆದ್ರೆ ಮೊದಲು ನೀವು ನನ್ನ ಹಿಂದೆ ಕೂರ್ಬೇಕು. ಪಾರ್ಕಿನ ಸುತ್ತ ಒಂದೇ ಒಂದು ಸುತ್ತು. ಈಗ್ಲೇ."

"ಈಗ್ಲಾ? ಎಲ್ಲಾರೂ ನೋಡ್ತಾ ಇದಾರೆ!"

"ಅದಕ್ಕೇ ಹೇಳಿದ್ದು."

ಫೆರ್ಮಿನ್ ಹತ್ತಿದ. ಮರದ ಕೆಳಗಿನಿಂದ ಸಿಳ್ಳೆ, ಕೇಕೆ. ಚಾಗೊ ಎದ್ದು ನಿಂತು "ಸೆನ್ಯೋರಿಟಾ ಫೆರ್ಮಿನಾ, ಲಂಗ ಜೋಪಾನ!" ಎಂದು ಕೂಗಿದ. ಅದು ಫೆರ್ಮಿನ್‌ಗೆ ಕೇಳಿಸಿತು, ಕಿವಿ ಕೆಂಪಾಯಿತು. ಆದರೆ ಬೈಕು ಹೊರಟ ಮೇಲೆ ಅವನಿಗೆ ಬೇರೇನೂ ಕೇಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನು ಹಿಂದಿನ ಸೀಟಿನಲ್ಲಿ ಕೂತಿರಲಿಲ್ಲ. ಕೈ ಎಲ್ಲಿಡಬೇಕು ಎಂದೇ ಗೊತ್ತಾಗಲಿಲ್ಲ. ಮುಂದೆ ಕಾಣುವುದು ಒಂದು ಹೆಲ್ಮೆಟ್ಟು ಮಾತ್ರ. ಗುಂಡಿ ಬಂದದ್ದು ಗುಂಡಿಗೆ ಬಿದ್ದ ಮೇಲೇ ತಿಳಿಯುತ್ತದೆ. ತಿರುವು ಬಂದಾಗ ಅವನ ಬಲಗಾಲು ತಾನಾಗಿ ಬ್ರೇಕು ಒತ್ತಲು ಹೋಯಿತು, ಅಲ್ಲಿ ಒತ್ತಲು ಏನೂ ಇರಲಿಲ್ಲ. ಅವಳು ನಿಧಾನವಾಗಿಯೇ ಹೋಗುತ್ತಿದ್ದಳು, ಅವನಿಗೆ ಗೊತ್ತಿತ್ತು. ಆದರೂ ಅವನಿಗೆ ಹೆದರಿಕೆಯಾಯಿತು, ತನ್ನ ಜೀವ ಇನ್ನೊಬ್ಬರ ಕೈಯಲ್ಲಿದೆ, ತಾನು ಮಾಡುವಂಥದ್ದು ಏನೂ ಇಲ್ಲ ಎಂಬ ಬರೀ ಹೆದರಿಕೆ. ಸುತ್ತು ಮುಗಿಯಿತು, ಅವನು ಇಳಿದ.

"ಹೇಗಿತ್ತು?" ಎಂದು ಕೇಳಿದಳು ದಾಮಾರಿಸ್.

"ಹಿಂದೆ ಕೂತೋರಿಗೆ ಏನೂ ಕಾಣಲ್ವಲ್ಲೇ!" ಅಂದ ಫೆರ್ಮಿನ್.

"ಈಗ ಗೊತ್ತಾಯ್ತಾ? ನಾಳೆ ಬೆಳಿಗ್ಗೆ ಬನ್ನಿ."

ಮರುದಿನದಿಂದ ಬೆಳಗಿನ ಕಾಫಿಯಾದ ಮೇಲೆ ಇಬ್ಬರೂ ಬೆಟ್ಟದ ರಸ್ತೆಗೆ ಹೋಗುತ್ತಿದ್ದರು. ಮುಂದೆ ಫೆರ್ಮಿನ್, ಹಿಂದೆ ಅವಳು. ಅವನು ತಿರುಗುವ ಮೊದಲು ಒಂದು ಕಾಲನ್ನು ಆ ಕಡೆಗೆ ಚಾಚುತ್ತಿದ್ದ. ನಮ್ಮೂರಿನಲ್ಲಿ ಅದೇ ಇಂಡಿಕೇಟರು. ಕಾಲು ಚಾಚಿದರೆ ಅವಳು ಹಿಂದಿನಿಂದ ಅವನ ಹೆಲ್ಮೆಟ್ಟಿಗೆ ಬೆರಳಲ್ಲಿ ಕುಟ್ಟುತ್ತಿದ್ದಳು. ಕನ್ನಡಿ ಇರುವುದು ಮೀಸೆ ನೋಡಿಕೊಳ್ಳುವುದಕ್ಕಲ್ಲ ಎಂದಳು. ಇವೆಲ್ಲ ಒಂದು ವಾರದಲ್ಲಿ ಹಾದಿಗೆ ಬಂದವು. ಬಾರದೆ ಉಳಿದದ್ದು ಒಂದೇ. ಇಳಿಜಾರು ಬಂದರೆ ಫೆರ್ಮಿನ್ ಎಂಜಿನ್ ಆರಿಸಿಬಿಡುತ್ತಿದ್ದ.

"ಯಾಕೆ ಆರಿಸ್ತೀರಿ?"

"ಇಳಿಯೋವಾಗ ಪೆಟ್ರೋಲ್ ಯಾಕೆ ಸುಡ್ಬೇಕು? ಅದು ಮರದಲ್ಲಿ ಬಿಡುತ್ತಾ? ಹೇಸರಗತ್ತೇನೂ ಅಷ್ಟೇ, ಇಳಿಜಾರಲ್ಲಿ ಅದರ ಪಾಡಿಗೆ ಬಿಡ್ಬೇಕು ಅಂತಿದ್ದ ನಮ್ಮಪ್ಪ."

"ಎಂಜಿನ್ ಇಲ್ದೆ ಬರೀ ಬ್ರೇಕ್ ಮೇಲೆ ಇಳಿದ್ರೆ ಬ್ರೇಕ್ ಕಾದು ಹಿಡಿಯಲ್ಲ ದೊನ್ ಫೆರ್ಮಿನ್. ಆಮೇಲೆ ಹೋ ಹೋ ಅಂದ್ರೂ ನಿಲ್ಲಲ್ಲ. ಪರೀಕ್ಷೆಯಲ್ಲಂತೂ ಆರಿಸ್ಲೇಬೇಡಿ."

"ಸರಿ, ಸರಿ" ಎನ್ನುತ್ತಿದ್ದ, ಮುಂದಿನ ಇಳಿಜಾರಿನಲ್ಲಿ ಹೆಬ್ಬೆರಳು ಮತ್ತೆ ಎಂಜಿನ್ ಆರಿಸುವ ಬಟನ್ನಿಗೆ ಹೋಗುತ್ತಿತ್ತು.

ಪರೀಕ್ಷೆಯ ದಿನ ದಾಮಾರಿಸ್ಸೇ ಹಿಂದೆ ಕೂತು ಬರಾಓನಾಕ್ಕೆ ಬಂದಳು. ಮೈದಾನದಲ್ಲಿ ಪರೀಕ್ಷಕ ಕಿತ್ತಳೆ ಕೋನಗಳನ್ನು ಇಟ್ಟಿದ್ದ. ಫೆರ್ಮಿನ್ ಅವುಗಳ ನಡುವೆ ನೀರಿನಲ್ಲಿ ಹಾವು ಹೋದಂತೆ ಹೋದ. ಒಂದು ಕೋನವೂ ಅಲುಗಲಿಲ್ಲ. ಇಂಡಿಕೇಟರು ಹಾಕಿದ, ಕನ್ನಡಿ ನೋಡಿದ, ಗೆರೆಯ ಮೇಲೆ ನಿಂತ. ಪರೀಕ್ಷಕನ ಮುಖದಲ್ಲಿ ಮೆಚ್ಚುಗೆ ಕಾಣಿಸಿತು. ಕೊನೆಗೆ ಇದ್ದದ್ದು ಗೇಟಿನ ಕಡೆಗೊಂದು ಸಣ್ಣ ಇಳಿಜಾರು, ನಮ್ಮ ಬೆಟ್ಟದ ಮುಂದೆ ಅದು ಇಳಿಜಾರು ಎಂದು ಹೇಳಿಸಿಕೊಳ್ಳಲೂ ನಾಚಬೇಕು. ಅದರ ತುದಿಗೆ ಬಂದದ್ದೇ ಫೆರ್ಮಿನ್‌ನ ಹೆಬ್ಬೆರಳು ಬಟನ್ನು ಒತ್ತಿತು. ಬೈಕು ಸದ್ದಿಲ್ಲದೆ ಇಳಿದು ಪರೀಕ್ಷಕನ ಮುಂದೆ ಬಂದು ನಿಂತಿತು.

"ಎಂಜಿನ್ ಆಫ್ ಆಗೋಯ್ತಲ್ಲ ದೊನ್" ಅಂದ ಪರೀಕ್ಷಕ.

"ತಾನಾಗಿ ಆಗಿಲ್ಲ ಸಾರ್, ನಾನೇ ಆರಿಸ್ದೆ. ಪೆಟ್ರೋಲ್ ಉಳೀಲಿ ಅಂತ."

ಪರೀಕ್ಷಕ ಪೆನ್ನು ತೆಗೆದು ಹಾಳೆಯ ಮೇಲೆ ಗೀಟು ಎಳೆದ. "ಕೆಟ್ಟು ನಿಂತಿದ್ರೆ ಇನ್ನೊಂದು ಅವಕಾಶ ಕೊಡಬಹುದಿತ್ತು. ಚಲಿಸ್ತಿರೋ ಗಾಡೀಲಿ ನೀವಾಗೇ ಎಂಜಿನ್ ಆರಿಸಿದ್ರೆ ಫೇಲು. ಹದಿನೈದು ದಿನ ಬಿಟ್ಟು ಬನ್ನಿ."

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸುಮ್ಮನೆ ಹೇಳುವುದಿಲ್ಲ. ಕೆಟ್ಟು ನಿಂತಿತು ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ಅದೂ ಅವನಿಗೆ ಹೊಳೆಯಲಿಲ್ಲ. ಊರಿಗೆ ಬಂದರೆ ಚಾಗೊ "ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದು ಶುರುಮಾಡಿದ. ಆದರೆ ಯಾರೂ ನಗಲಿಲ್ಲ. ಗರಿಗಳ ಭಾನುವಾರ ಹತ್ತಿರ ಬಂದಿತ್ತು. ಫೆರ್ಮಿನ್‌ಗೇ ಹೀಗಾದರೆ ತಮ್ಮ ಗತಿ ಏನು ಎಂದು ಅವರಲ್ಲಿ ಕೆಲವರು ಬರಾಓನಾಕ್ಕೆ ಹೋಗಿ ಕಲಿಕೆ ಕಾರ್ಡಿಗೆ ಅರ್ಜಿ ಹಾಕಿ ಬಂದರು.

ಮನೆಯಲ್ಲಿ ಆ ದಿನಗಳು ಕಷ್ಟದವು. ದುಡಿಮೆಯಿಲ್ಲ, ನೆರೈದಾಳ ಮಿಠಾಯಿಯೇ ಆಧಾರ. ಈಸ್ಟರ್ ಹಿಂದಿನ ಉಪವಾಸ ಕಾಲಕ್ಕೆ ಮಾಡುವ ಕೆಂಪು ಬೀನ್ಸ್ ಕಾಳಿನ ಪಾಯಸವನ್ನು ಅವಳು ಈ ಸಲ ಹಾಲು ಕಡಿಮೆ ಮಾಡಿ ಕುದಿಸಿದಳು, ಬೈಯುವುದನ್ನು ಮಾತ್ರ ನಿಲ್ಲಿಸಿದಳು. ಅದರಿಂದ ಫೆರ್ಮಿನ್‌ಗೆ ಇನ್ನೂ ಸಂಕಟವಾಯಿತು.

ದಾಮಾರಿಸ್ ಬಿಡಲಿಲ್ಲ. ಅವನ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಬಟನ್ನು ಒತ್ತಲಾಗದಂತೆ ಕಟ್ಟಿದಳು. ಬೆಟ್ಟದ ಮೇಲಿಂದ ಕೆಳಗಿನವರೆಗೆ ಎಂಜಿನ್ ಸದ್ದು ನಿಲ್ಲದ ಹಾಗೆ ದಿನಕ್ಕೆ ಎಷ್ಟು ಸಲ ಇಳಿಸಿದಳೋ. ತನ್ನ ಗಿರಾಕಿಗಳನ್ನು ಬಿಟ್ಟು ಅವಳು ಇಷ್ಟೆಲ್ಲ ಯಾಕೆ ಮಾಡಿದಳು ಎಂದು ನೀವು ಕೇಳಬಹುದು, ಅದನ್ನು ಫೆರ್ಮಿನ್ನೂ ಒಂದು ದಿನ ಕೇಳಿದ.

"ನನಗೇನು ಲಾಭ ಅಂತಾನಾ?" ಅಂದಳು ಅವಳು. "ನೀವು ಪಾಸಾದ್ರೆ, ಲೈಸೆನ್ಸ್ ಇರೋ ಒಬ್ರಾದ್ರೂ ಊರಲ್ಲಿ ನನ್ನ ಹಾಗೆ ತಿರುವಲ್ಲಿ ನೆಟ್ಟಗೆ ಹೋಗ್ತಾರಲ್ಲ. ಒಬ್ಳೇ ಹೋಗಿ ಹೋಗಿ ಬೇಜಾರಾಗಿದೆ."

ಎರಡನೆಯ ಸಲ ಫೆರ್ಮಿನ್ ಪಾಸಾದ. ಇಳಿಜಾರಿನಲ್ಲಿ ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು, ಪೆಟ್ರೋಲು ಹೋದರೆ ಹೋಗಲಿ. ಬರುವಾಗ ಹೆದ್ದಾರಿಯ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಹಳೆಯ ಅಭ್ಯಾಸದಂತೆ ಫೆರ್ಮಿನ್ ಒಣಹೊಳೆಯ ಕಡೆ ನೋಡಿದ, ಆಮೇಲೆ ಜೇಬಿನಿಂದ ಕಾರ್ಡು ತೆಗೆದು ತೋರಿಸಿದ. ಪೊಲೀಸಿನವನು ಅದನ್ನು ನೋಡದೆಯೇ ಹೋಗಿ ಎಂದ. ಸರಿಯಾಗಿ ನೋಡಿಯೇ ಕಳಿಸಬೇಕೆಂದು ಫೆರ್ಮಿನ್ ಅಲ್ಲಿಂದ ಕದಲಲಿಲ್ಲ.

ಗರಿಗಳ ಭಾನುವಾರ ಚರ್ಚಿನ ಪೂಜೆ ಮುಗಿಯುತ್ತಲೇ ಗುಮಾಸ್ತ ಹೊಸ ಜಾಕೀಟುಗಳ ಮೂಟೆಯೊಂದಿಗೆ ಬಂದ. ಇಡೀ ಮೂಟೆಯಲ್ಲಿ ಅವನು ತೆಗೆದದ್ದು ಎರಡೇ. ಮಿಕ್ಕವರ ಬಳಿ ಇದ್ದದ್ದು ಕಲಿಕೆ ಕಾರ್ಡು, ಕೆಲವರ ಬಳಿ ಅದೂ ಇಲ್ಲ. ಅವರೆಲ್ಲ ಬೈಕು ತಳ್ಳಿಕೊಂಡು ರಸ್ತೆಯಾಚೆ ಔಷಧಿ ಅಂಗಡಿಯ ಬಿಸಿಲಿಗೆ ಹೋದರು. ದಾಮಾರಿಸ್ ಅಲ್ಲಿಂದ ಈಚೆಗೆ ಬಂದಳು.

"ಜಗಳ ಬೇಡ, ಲೈಸೆನ್ಸಿನ ತಾರೀಖಿನ ಪ್ರಕಾರ ನಂಬರು" ಎಂದು ಗುಮಾಸ್ತ ಇಬ್ಬರ ಕಾರ್ಡನ್ನೂ ನೋಡಿದ. ಒಂದನೇ ನಂಬರನ್ನು ದಾಮಾರಿಸ್‌ಗೆ ಕೊಟ್ಟ, ಎರಡನೆಯದನ್ನು ಫೆರ್ಮಿನ್‌ಗೆ.

ರಸ್ತೆಯಾಚೆ ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಮರದ ಬುಡದಲ್ಲಿ ಫೆರ್ಮಿನ್‌ನ ಬೈಕು ನಿಲ್ಲುತ್ತಿದ್ದ ಕಡೆ ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು.

"ನೀವೇ ಇಟ್ಕೊಳ್ಳಿ ದೊನ್ ಫೆರ್ಮಿನ್" ಎಂದು ದಾಮಾರಿಸ್ ಜಾಕೀಟನ್ನು ಚಾಚಿದಳು. "ನನಗೆ ನೆರಳ್ ಸಿಕ್ರೆ ಸಾಕು."

ಫೆರ್ಮಿನ್ ಜಾಕೀಟನ್ನು ನೋಡಿದ. ಆಸೆಯಾಗಲಿಲ್ಲ ಎಂದರೆ ಸುಳ್ಳು, ತುಂಬಾ ಆಸೆಯಾಯಿತು. "ತಾರೀಖು ನಿಂದು ಮೊದಲಿದೆಯಲ್ಲ" ಎಂದು, ಬೈಕನ್ನು ಹಿಂದಕ್ಕೆ ತಳ್ಳಿ ಆ ಕಪ್ಪು ನೆಲವನ್ನು ಬಿಟ್ಟುಕೊಟ್ಟ. ಎರಡನೇ ನಂಬರನ್ನು ತೊಟ್ಟು ಅವಳ ಹಿಂದೆ ನಿಂತ.

ಆಗಲೇ ದೊನ್ಯಾ ಎರ್ಸೀಲಿಯ ಪೂಜೆಯ ತಾಳೆಗರಿ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಬಂದಳು. ಮುಂದಿನ ಬೈಕನ್ನು ದಾಟಿ ನೇರ ಫೆರ್ಮಿನ್‌ನ ಹತ್ತಿರ ಬಂದು ನಿಂತಳು.

"ಲೈಸೆನ್ಸ್ ಬಂತಂತಲ್ಲ. ನಡಿ, ಮಗಳ ಮನೆಗೆ."

"ಸರದಿ ಅವಳದ್ದು ದೊನ್ಯಾ. ಅವಳ ಜೊತೆ ಹೋಗಿ."

"ಆ ಹುಡುಗಿ ಹಿಂದೇನಾ? ನಿನ್ನ ಬಿಟ್ಟು ಯಾರ ಹಿಂದೇನೂ ಕೂತೋಳಲ್ಲ ನಾನು!"

"ಹೆದರ್ಬೇಡಿ. ನಾನೂ ಕೂತಿದೀನಿ. ಗುಂಡಿ ಬಂದ್ರೆ ಮೊದಲೇ ನಿಧಾನ ಮಾಡ್ತಾಳೆ."  ಹಿಂದಿನ ಸೀಟಿನಲ್ಲಿ ಕೂತ ಆ ದಿನದಿಂದ ಫೆರ್ಮಿನ್‌ನನ್ನು ಕಾಡುತ್ತಿದ್ದದ್ದು ಬಾಯಿಗೆ ಬಂತು. "ದೊನ್ಯಾ, ನಿಜ ಹೇಳಿ. ನನ್ನ ಹಿಂದೆ ಕೂತಾಗ ನಿಮಗೆ ಭಯ ಆಗ್ತಿತ್ತಾ?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಭಯಾನಾ? ಪ್ರತಿ ಸಲಾನೂ ಇವತ್ತು ಸತ್ತೆ ಅಂತಾನೇ ಹತ್ತಿದ್ದು ಕಣೋ. ಮನೆ ಬೀಗದ ಕೈನ ಪಕ್ಕದ ಮನೇಲಿ ಕೊಟ್ಟು ಬರ್ತಿದ್ದೆ."

"ಮತ್ತೆ ಯಾಕೆ ನನ್ನ ಹತ್ರಾನೇ ಬರ್ತಿದ್ರಿ?"

"ಇನ್ಯಾರ ಹತ್ರ ಹೋಗ್ಲಿ? ಅವರೆಲ್ಲಾ ನಿನ್ನಿಂದಾನೇ ಕಲ್ತೋರು. ಬೇರೆ ಯಾರನ್ನ ನೀನು ಇಲ್ಲಿ ನಿಲ್ಲೋಕೆ ಬಿಟ್ಟಿದ್ದೆ?"

 ಫೆರ್ಮಿನ್‌ಗೆ ನಾಚಿಕೆಯಾಯಿತು, ಪರೀಕ್ಷೆಯಲ್ಲಿ ಫೇಲಾದ ದಿನವೂ ಆಗದಷ್ಟು. ಮುದುಕಿಯ ಕೈಯಿಂದ ಚೀಲ ತೆಗೆದುಕೊಂಡು ದಾಮಾರಿಸ್‌ಳ ಬೈಕಿನ ಮುಂದೆ ಇಟ್ಟು ಕಟ್ಟಿದ. ತೋಳು ಹಿಡಿದು ಮುದುಕಿಯನ್ನು ಹತ್ತಿಸಿ, ಅವಳ ಕೈಯನ್ನು ಸೀಟಿನ ಹಿಂದಿನ ಕಂಬಿಯ ಮೇಲೆ ತಾನೇ ಇಟ್ಟು, "ಇಲ್ಲಿ ಹಿಡ್ಕೊಳ್ಳಿ, ಇಲ್ಲಿ ಹಿಡ್ಕೊಂಡ್ರೆ ಸ್ವಲ್ಪ ಧೈರ್ಯ ಇರುತ್ತೆ" ಅಂದ. ಬೈಕು ಬೆಟ್ಟದ ಕಡೆ ಹೊರಟಿತು.